ಓಪಿಯಾಯ್ಡ್ ರಿಸೆಪ್ಟರ್: ಹಿತ ಬೇರೆ, ‘ಬೇಕು’ ಬೇರೆ

ಹಾಸನದ ಆಸ್ಪತ್ರೆಯಲ್ಲಿ ಅಮ್ಮನಿಗೆ ಮಂಡಿ ಆಪರೇಷನ್ ಆದ ಮಾರನೇ ದಿನ. ಓಪಿಯಾಯ್ಡ್, ಅಂದರೆ ಅಫೀಮಿನ ಬಗೆಯ ನೋವಿನ ಮದ್ದಾದ ಟ್ರಮಡಾಲ್ ಮಾತ್ರೆ ನುಂಗಿ ಸ್ವಲ್ಪ ಹೊತ್ತಾಗಿತ್ತು. “ನೋವು ಇದೆ ಕಣೋ, ಆದ್ರೆ ಅಷ್ಟು ಕಾಡ್ತಿಲ್ಲ” ಅಂದರು. ಹಿಂದೆಯೇ ಇನ್ನೊಂದು ಮಾತು: “ಇದು ಚಟ ಆಗ್ಬಿಡಲ್ಲ ತಾನೇ?” ಎರಡಕ್ಕೂ ಬೇರು ‘ಓಪಿಯಾಯ್ಡ್ ರಿಸೆಪ್ಟರ್’ ಎಂಬ ಪದದಲ್ಲಿದೆ.

ರಿಸೆಪ್ಟರನ್ನು ನರಕೋಶದ ಮೇಲಿನ ಬೀಗ ಅಂದುಕೊಳ್ಳಿ. ಅಫೀಮಿನ ಮಾರ್ಫಿನ್ ಅದಕ್ಕೆ ಹೊಂದುವ ಬೀಗದ ಕೈ. ಮೆದುಳಿನಲ್ಲಿ ಇಂಥ ಬೀಗ ಇದೆ ಎಂದು 1973ರಲ್ಲಿ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ತೋರಿಸಿದರು. ಮೆದುಳು ಅಫೀಮಿಗೋಸ್ಕರ ಬೀಗ ಇಟ್ಟುಕೊಂಡಿರಲ್ಲ ಅಲ್ವಾ? ದೇಹವೇ ತಯಾರಿಸುವ ಬೀಗದ ಕೈಗಳು, ಎನ್‌ಕೆಫಾಲಿನ್‌ಗಳು, 1975ರಲ್ಲಿ ಸಿಕ್ಕವು. ಬೀಗಗಳಲ್ಲಿ ಮುಖ್ಯವಾದವು ಮ್ಯೂ, ಡೆಲ್ಟಾ, ಕಪ್ಪಾ.

ಇಲಿಗೆ ಹಿತವಾಯಿತೇ ಎಂದು ತಿಳಿಯುವುದು ಹೇಗೆ? ಎರಡು ಕೋಣೆಯ ಪೆಟ್ಟಿಗೆ. ಒಂದರ ಗೋಡೆಗೆ ಪಟ್ಟೆ, ಇನ್ನೊಂದು ಬೋಳು. ಪಟ್ಟೆ ಕೋಣೆಗೆ ಬಿಡುವ ದಿನ ಮಾರ್ಫಿನ್, ಬೋಳು ಕೋಣೆಯ ದಿನ ಬರೀ ಉಪ್ಪುನೀರಿನ ಇಂಜೆಕ್ಷನ್. ಕೆಲವು ದಿನ ಹೀಗೆ ನಡೆದ ಮೇಲೆ ಯಾವ ಮದ್ದೂ ಕೊಡದೆ ನಡುಬಾಗಿಲು ತೆಗೆಯುತ್ತಾರೆ. ಇಲಿ ಪಟ್ಟೆ ಕೋಣೆಯಲ್ಲೇ ಜಾಸ್ತಿ ಹೊತ್ತು ಕಳೆಯುತ್ತದೆ. ಕಪ್ಪಾ ಬೀಗ ತೆರೆಯುವ ಮದ್ದು ಕೊಟ್ಟಿದ್ದರೆ ಆ ಕೋಣೆಯಿಂದ ದೂರ ಸರಿಯುತ್ತದೆ. 1996ರಲ್ಲಿ ಮ್ಯೂ ಬೀಗವೇ ಇಲ್ಲದ ಇಲಿಗಳನ್ನು ಪರೀಕ್ಷಿಸಿದರು. ಮಾರ್ಫಿನ್‌ನಿಂದ ಅವುಗಳ ನೋವೂ ತಗ್ಗಲಿಲ್ಲ, ಕೋಣೆಯ ಮೇಲೆ ಒಲವೂ ಹುಟ್ಟಲಿಲ್ಲ. ಅಮ್ಮನ ಎರಡು ಮಾತೂ ಒಂದೇ ಬೀಗದ್ದು!

ಡೋಪಮಿನ್ ಅಂದರೆ ಹಿತ, ಆಸೆಗಳಲ್ಲಿ ಪಾತ್ರವಿರುವ ಮೆದುಳಿನ ರಾಸಾಯನಿಕ. ಅದನ್ನು ಬಿಡುಗಡೆ ಮಾಡುವ ಕೋಶಗಳನ್ನು ಹಿಡಿದಿಡುವ ಕಾವಲು ಕೋಶಗಳಿವೆ. ಮಾರ್ಫಿನ್ ಆ ಕಾವಲುಗಾರರನ್ನು ಮಲಗಿಸಿಬಿಡುತ್ತದೆ, ಡೋಪಮಿನ್ ಹೆಚ್ಚುತ್ತದೆ. ಕಪ್ಪಾ ಮದ್ದು ಡೋಪಮಿನ್ನನ್ನೇ ತಗ್ಗಿಸುತ್ತದೆ.

ಇದು ಹಿತದ ನೆನಪಿನ ಲೆಕ್ಕ. ‘ಬೇಕು’ ಅಳೆಯುವ ಪ್ರಯೋಗ ನನಗೆ ಇನ್ನೂ ಹಿಡಿಸಿತು. ಗೋಡೆಯ ತೂತಿಗೆ ಮೂತಿ ತೂರಿಸಿದರೆ ಒಂದು ಕಾಳು ತಿಂಡಿ. ಮುಂದಿನ ಕಾಳಿಗೆ ಜಾಸ್ತಿ ಸಲ ತೂರಿಸಬೇಕು, ಅದರ ಮುಂದಿನದಕ್ಕೆ ಇನ್ನೂ ಜಾಸ್ತಿ. ಇಲಿ ‘ಇನ್ನು ಸಾಕು’ ಎಂದು ಬಿಟ್ಟುಬಿಡುವ ಹಂತಕ್ಕೆ ಬ್ರೇಕ್‌ಪಾಯಿಂಟ್ ಅನ್ನುತ್ತಾರೆ. ಮ್ಯೂ ಇಲ್ಲದ ಇಲಿಗಳು ಬೇಗ ಬಿಟ್ಟುಬಿಡುತ್ತವೆ. ಅಂದರೆ ಈ ಬೀಗ ಮದ್ದಿಗಷ್ಟೇ ಅಲ್ಲ, ಊಟಕ್ಕಾಗಿ ಪಡುವ ಪಾಡಿಗೂ ಬೇಕು.

ಮದ್ದಿಲ್ಲದೆ ಮತ್ತೆ ಮತ್ತೆ ಬಿಟ್ಟರೆ ಪಟ್ಟೆ ಕೋಣೆಯ ಒಲವು ಮೆಲ್ಲಗೆ ಕರಗುತ್ತದೆ. ಆಮೇಲೆ ಒಂದೇ ಒಂದು ಡೋಸ್ ಸಿಕ್ಕರೂ ಇಲಿ ತಿರುಗಿ ಅಲ್ಲಿಗೇ ಹೋಗಬಹುದು. ಅಮ್ಮನಿಗೆ ಇದನ್ನೂ ಮುಚ್ಚಿಡದೆ ಹೇಳಿದೆ. ಡಾಕ್ಟರ್ ಬರೆದಿದ್ದು ಐದೇ ದಿನಕ್ಕೆ. ಆರನೇ ದಿನ ಬೆಳಿಗ್ಗೆ ಅಮ್ಮ ಕೇಳಿದ್ದು ಕಾಫಿ. ಅದರ ಕೆಫೀನ್ ಸೇರುವ ಬೀಗ ಬೇರೆ, ಅಡಿನೋಸಿನ್ ರಿಸೆಪ್ಟರ್.