ಕೆಂಪು ಕೂದಲಿನ ಆನ್ ಜಪಾನಿಗೆ ಹೋದಾಗ

ಮಕ್ಕಳ ಪುಸ್ತಕವನ್ನು ಬೇರೆ ನಾಡಿನವರು ಹೇಗೆ ಓದಿಕೊಳ್ಳುತ್ತಾರೆ? ಈ ಪಾಠಕ್ಕೆ ನಾನು ಆರಿಸಿಕೊಂಡದ್ದು 'ಆನ್ ಆಫ್ ಗ್ರೀನ್ ಗೇಬಲ್ಸ್'. ಆನ್ ಎಂಬ ಅನಾಥ ಹುಡುಗಿಯ ಕಥೆ ಹೇಳುವ, ಕೆನಡಾದ ಎಲ್. ಎಂ. ಮಾಂಟ್ಗೊಮರಿ ಬರೆದ ಈ ಕಾದಂಬರಿ ಬಂದದ್ದು 1908ರಲ್ಲಿ. ಜಪಾನಿನಲ್ಲಿ ಇದು ಎಷ್ಟು ಬೇರೂರಿದೆ ಅಂದರೆ, ಕಥೆ ನಡೆಯುವ ಪ್ರಿನ್ಸ್ ಎಡ್ವರ್ಡ್ ದ್ವೀಪವನ್ನು ನೋಡಲೆಂದೇ ಅಲ್ಲಿಯ ಓದುಗರು ಕೆನಡಾಕ್ಕೆ ಹೋಗುತ್ತಾರೆ.

ಜಪಾನಿ ಭಾಷೆಗೆ ತಂದವರು ಹನಾಕೊ ಮುರಾಓಕಾ. 1939ರಲ್ಲಿ ತಾಯ್ನಾಡಿಗೆ ಮರಳುತ್ತಿದ್ದ ಕೆನಡಾದ ಗೆಳತಿಯೊಬ್ಬರು ಈ ಪುಸ್ತಕವನ್ನು ಅವರ ಕೈಗಿತ್ತರು. ಇಂಗ್ಲಿಷ್ ಶತ್ರುವಿನ ಭಾಷೆಯಾಗಿದ್ದ ಯುದ್ಧದ ದಿನಗಳಲ್ಲೇ ಅವರು ಅನುವಾದ ಮಾಡುತ್ತಾ ಹೋದರು. ಅಚ್ಚಾದದ್ದು 1952ರಲ್ಲಿ.

ಹೆಸರು 'ಅಕಾಗೆ ನೊ ಆನ್', ಅಂದರೆ ಕೆಂಪು ಕೂದಲಿನ ಆನ್. ಮೂಲದ ಹೆಸರಿನಲ್ಲಿದ್ದ, ಆನ್ ಬೆಳೆದ 'ಗ್ರೀನ್ ಗೇಬಲ್ಸ್' ಮನೆ ಹೋಯಿತು, ಕೂದಲು ಬಂತು! ಆನ್‌ಗೆ ಆ ಕೂದಲೇ ದೊಡ್ಡ ಕೊರಗು. ಸಹಪಾಠಿ ಗಿಲ್ಬರ್ಟ್ 'ಕ್ಯಾರೆಟ್' ಅಂದದ್ದಕ್ಕೆ ಅವನ ತಲೆಗೆ ಸ್ಲೇಟಿನಿಂದ ಬಾರಿಸುತ್ತಾಳೆ. ಸುತ್ತಲೂ ಕಪ್ಪು ಕೂದಲನ್ನೇ ಕಂಡ ಜಪಾನಿ ಹುಡುಗಿಗೆ ಕೆಂಪು ಕೂದಲು ಮೊದಲು ಬೆರಗು, ಆಮೇಲೆ ನೋವು ಅನ್ನಿಸಿರಬಹುದು. ಆದರೆ ಕೆಂಚು ಕೂದಲಿಗೆ 'ಕೆಂಚಿ' ಅನ್ನಿಸಿಕೊಂಡು ಅತ್ತ ಕನ್ನಡದ ಹುಡುಗಿಗೆ ನೋವೇ ಮೊದಲು ತಟ್ಟುತ್ತದೆ, ಅಲ್ವಾ?

ಈಗ ನನಗೆ ಜಾಸ್ತಿ ಇಷ್ಟವಾದ ಸಂಗತಿ. ಆನ್ ಗೆಳತಿ ಡಯಾನಾಗೆ ರಾಸ್ಪ್‌ಬೆರಿ ಶರಬತ್ತು ಅಂತ ತಿಳಿದು ಕರಂಟ್ ಹಣ್ಣಿನ ವೈನ್ ಕೊಡುತ್ತಾಳೆ. ಡಯಾನಾ ಮೂರು ಲೋಟ ಕುಡಿದು ತೂರಾಡುತ್ತಾಳೆ. ಮುರಾಓಕಾ ಆ ಶರಬತ್ತನ್ನು 'ಇಚಿಗೊ ಸುಯಿ' ಮಾಡಿದರು, ಅಂದರೆ ಸ್ಟ್ರಾಬೆರಿ ನೀರು. ಇದು ತಪ್ಪು ಅನುವಾದವೇ? ಖಂಡಿತ ಅಲ್ಲ. ಕೆಂಪು ಬಣ್ಣದ ಪಾನೀಯ ಎಂದರೆ ಆನ್‌ಗೆ ಪ್ರಾಣ. ಹಣ್ಣು ಬದಲಾದರೂ ಆ ಕೆಂಪು ಉಳಿಯಿತು, ಮಕ್ಕಳ ಬಾಯಲ್ಲಿ ನೀರೂರಿತು. ಕನ್ನಡದಲ್ಲಿ ಪುನರ್ಪುಳಿ ಶರಬತ್ತು ಅನ್ನಬಹುದಲ್ವಾ ಅಂತ ನನಗೂ ಆಸೆಯಾಯಿತು. ಬಣ್ಣವೇನೋ ಸರಿ, ಆದರೆ ಆನ್ ನೇರವಾಗಿ ಉಡುಪಿಗೆ ಬಂದುಬಿಡುತ್ತಾಳೆ. ಸ್ಟ್ರಾಬೆರಿಯಾದರೆ ಅವಳು ಕೆನಡಾದಲ್ಲೇ ಇರುತ್ತಾಳೆ.

ಮುರಾಓಕಾ ಕೆಲವು ಕಡೆ ಕತ್ತರಿಯನ್ನೂ ಆಡಿಸಿದರು. ಆನ್‌ಳನ್ನು ಸಾಕಿದವರು ಮ್ಯಾಥ್ಯೂ ಮತ್ತು ಅವನ ತಂಗಿ ಮರಿಲ್ಲಾ. ಮ್ಯಾಥ್ಯೂ ತೀರಿಕೊಂಡ ರಾತ್ರಿ, ಎಂದೂ ಪ್ರೀತಿಯನ್ನು ಬಾಯಿಬಿಟ್ಟು ಹೇಳದ ಮರಿಲ್ಲಾ, ನೀನು ನನ್ನ ರಕ್ತ ಹಂಚಿಕೊಂಡ ಮಗಳಷ್ಟೇ ನನಗೆ ಪ್ರಿಯ ಅಂತ ಆನ್‌ಗೆ ಹೇಳುತ್ತಾಳೆ. ಆ ಮಾತುಗಳು ಹೆಚ್ಚುಕಮ್ಮಿ ಬಿಟ್ಟುಹೋದವು. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ಆ ಒಂದು ಮಾತಿಗಾಗಿ ಆನ್ ಜೊತೆ ಓದುಗರೂ ಮೂವತ್ತಾರು ಅಧ್ಯಾಯ ಕಾದಿರುತ್ತಾರೆ.