ತುಟಿ ನಟನದು, ಉಸಿರು ಯಾರದು?

ಕಳೆದ ತಿಂಗಳು ನಿರ್ಮಾಪಕರೊಬ್ಬರು ನಮ್ಮ ಸ್ಟುಡಿಯೋಗೆ ಹಳೆಯ ಸ್ಪೂಲ್ ಟೇಪೊಂದನ್ನು ತಂದಿದ್ದರು. ತೀರಿಹೋದ ಗಾಯಕರೊಬ್ಬರ ಬದುಕನ್ನು ಸಿನಿಮಾ ಮಾಡಬೇಕೆಂಬ ಆಸೆ ಅವರದು. "ಇದರಲ್ಲಿ ಹಾಡು ಮಾತ್ರ ಬೇಕು ಸಾರ್, ಪಕ್ಕವಾದ್ಯ ಬೇಡ. ಅದನ್ನು ಹೊಸದಾಗಿ ನುಡಿಸಿ ಸೇರಿಸೋಣ. ಈಗ ಸಾಫ್ಟ್‌ವೇರ್ ಬಂದಿದೆಯಲ್ಲ, ಬೇರೆ ಮಾಡಿಕೊಡಿ" ಎಂದರು. ಬಂದಿದೆ, ನಿಜ. ಕೆಲವು ನಿಮಿಷದ ಕೆಲಸ. ಆದರೂ ಅವತ್ತೇ ಹೂಂ ಅನ್ನಲು ಮನಸ್ಸಾಗಲಿಲ್ಲ. ಮೊದಲು ‘ಬರ್ಡ್’ ಎಂಬ ಸಿನಿಮಾ ನೋಡಿಕೊಂಡು ಬನ್ನಿ ಎಂದೆ.

ಸಿನಿಮಾಗಳಿಗೆ ಸೌಂಡ್ ಮಿಕ್ಸಿಂಗ್ ಮಾಡುವುದು ನನ್ನ ಕಸುಬು. ಸಂಗೀತಗಾರರ ಜೀವನಚಿತ್ರ ಬಂದರೆ ಎಲ್ಲರ ಕಣ್ಣು ನಟನ ಹೋಲಿಕೆಯ ಮೇಲೆ, ಮೇಕಪ್ಪಿನ ಮೇಲೆ. ನಾನು ಹುಡುಕುವುದು ಬೇರೆ: ಪರದೆಯ ಮೇಲೆ ಹಾಡು ಶುರುವಾದಾಗ ಕೇಳಿಸುವ ಉಸಿರು ಯಾರದು? ಮೂಲ ಕಲಾವಿದರದೋ, ನಟನದೋ, ಇಬ್ಬರೂ ಅಲ್ಲದ ಮೂರನೆಯವರದೋ? ಈ ತೀರ್ಮಾನ ಆದಾಗಲೇ ಅರ್ಧ ಸಿನಿಮಾ ಆಗಿಹೋಗಿರುತ್ತದೆ. ಅಮೆರಿಕದ ಬ್ಲೂಸ್, ಜಾಝ್, ಫಂಕ್ ಕಲಾವಿದರ ಮೇಲೆ ಬಂದ ಚಿತ್ರಗಳಲ್ಲಿ ಇದು ಕಿವಿಗೆ ಸ್ಪಷ್ಟವಾಗಿ ಸಿಗುತ್ತದೆ.

‘ಬರ್ಡ್’ 1988ರ ಚಿತ್ರ, ನಿರ್ದೇಶನ ಕ್ಲಿಂಟ್ ಈಸ್ಟ್‌ವುಡ್. ಆಲ್ಟೊ ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಜಾಝ್ ಕಲಾವಿದ ಚಾರ್ಲಿ ಪಾರ್ಕರ್ ಪಾತ್ರದಲ್ಲಿ ಫಾರೆಸ್ಟ್ ವಿಟಕರ್. ಪಾರ್ಕರ್ 1955ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡಾಗ ವಯಸ್ಸು ಬರೀ 34. ಹೆರಾಯಿನ್ನು, ಕುಡಿತ ಆ ಮೈಯನ್ನು ಎಷ್ಟು ತಿಂದಿದ್ದವೆಂದರೆ, ಶವ ನೋಡಿದ ವೈದ್ಯರು ಐವತ್ತು ದಾಟಿದ ಮನುಷ್ಯ ಎಂದು ಅಂದಾಜು ಮಾಡಿದರು.

ಅವರ ರೆಕಾರ್ಡಿಂಗುಗಳೆಲ್ಲ ಮೋನೊ. ಸ್ಯಾಕ್ಸೊಫೋನು, ಪಿಯಾನೊ, ಬಾಸು, ಡ್ರಮ್ಸು ಎಲ್ಲವೂ ಒಂದೇ ಟ್ರ್ಯಾಕಿನಲ್ಲಿ, ಸಾರಿನಲ್ಲಿ ಬೆಂದ ಬೇಳೆಯ ಹಾಗೆ ಕೂಡಿಹೋಗಿವೆ. 1988ರ ಥಿಯೇಟರಿಗೆ ಅದು ಸಾಲದು. ಸಂಗೀತದ ಹೊಣೆ ಹೊತ್ತ ಲೆನ್ನಿ ನೀಹೌಸ್, ಅವರೂ ಆಲ್ಟೊ ವಾದಕರೇ, ತಂತ್ರಜ್ಞರ ಜೊತೆ ಕೂತು ಪಾರ್ಕರ್ ಸೋಲೊಗಳನ್ನು, ಅಂದರೆ ಅವರೊಬ್ಬರೇ ಮುಂದಾಗಿ ನುಡಿಸಿದ ಭಾಗಗಳನ್ನು, ಎಲೆಕ್ಟ್ರಾನಿಕ್ ಉಪಾಯದಿಂದ ಬೇರ್ಪಡಿಸಿದರು. ಉಳಿದ ವಾದ್ಯಗಳನ್ನು ಅಳಿಸಿ ರಾನ್ ಕಾರ್ಟರ್, ರೇ ಬ್ರೌನ್, ಮಾಂಟಿ ಅಲೆಕ್ಸಾಂಡರ್‌ ಅಂಥವರಿಂದ ಹೊಸದಾಗಿ ನುಡಿಸಿದರು. ಈ ಕೆಲಸದ ಕಷ್ಟ ಹೇಳುತ್ತೇನೆ. ತಳದ ಸ್ಥಾಯಿಯ ಬಾಸನ್ನೂ ಮೇಲಿನ ಸ್ಥಾಯಿಯ ಸಿಂಬಲ್ಲನ್ನೂ (ಡ್ರಮ್ಮಿನ ಜೊತೆಯ ಕಂಚಿನ ತಟ್ಟೆ) ಫಿಲ್ಟರ್ ಹಾಕಿ ತಗ್ಗಿಸಬಹುದು. ಪಿಯಾನೊ ಮಾತ್ರ ಸ್ಯಾಕ್ಸೊಫೋನಿನ ಜಾಗದಲ್ಲೇ ಕೂತಿರುತ್ತದೆ. ಹೆಚ್ಚು ಒರೆಸಿದರೆ ಸ್ಯಾಕ್ಸೊಫೋನಿನ ಚರ್ಮವೂ ಸುಲಿಯುತ್ತದೆ. ಇಂಥ ಕೆಲಸವನ್ನು ಈಗಿನ ಯಾವ ಸಲಕರಣೆಯೂ ಇಲ್ಲದೆ ಮಾಡಿದರು, ಆ ವರ್ಷದ ಧ್ವನಿಯ ಆಸ್ಕರ್ ಈ ಚಿತ್ರಕ್ಕೆ ಬಂತು. ನನ್ನ ಕಸುಬಿನವರು ಕೈಮುಗಿಯಬೇಕಾದ ಕೆಲಸ ಅದು.

ಆದರೂ ಹೆಡ್‌ಫೋನ್ ಹಾಕಿಕೊಂಡು ಕೇಳುವಾಗ ಪ್ರತಿ ಸಲ ನನಗೊಂದು ಕೊರತೆ ಕಾಡುತ್ತದೆ. ಜಾಝ್ ಅಂದರೆ ಮಾತುಕತೆ. ಸೋಲೊ ನುಡಿಸುವವನು ಒಂದು ಮಾತು ಎತ್ತುತ್ತಾನೆ, ಡ್ರಮ್ಮರ್ ಅದಕ್ಕೆ ಪೆಟ್ಟು ಕೊಡುತ್ತಾನೆ, ಆ ಪೆಟ್ಟಿನಿಂದ ಸೋಲೊ ದಾರಿ ಬದಲಿಸುತ್ತದೆ. ನಮ್ಮ ಕಛೇರಿಯಲ್ಲಿ ಗಾಯಕರೂ ಮೃದಂಗದವರೂ ಕಣ್ಣಲ್ಲೇ ಮಾತಾಡಿಕೊಳ್ಳುವ ಹಾಗೆ. ‘ಬರ್ಡ್’ನಲ್ಲಿ ಹೊಸ ವಾದಕರು ಪಾರ್ಕರ್‌ಗೆ ಉತ್ತರ ಕೊಡುತ್ತಾರೆ, ಪಾರ್ಕರ್ ಅವರಿಗೆ ಉತ್ತರ ಕೊಡಲಾರರು. ಪಾರ್ಕರ್ ಎಲ್ಲೋ ತಟ್ಟನೆ ತಿರುಗುತ್ತಾರೆ, ತಿರುಗಿಸಿದ ಪೆಟ್ಟು ಅಳಿಸಿಹೋಗಿರುತ್ತದೆ. ಇದೇ ಚಿತ್ರದಲ್ಲಿ ಒಂದು ಸಿಂಬಲ್ ಗಾಳಿಯಲ್ಲಿ ತೇಲಿಬರುವ ಶಾಟ್ ಮತ್ತೆ ಮತ್ತೆ ಬರುತ್ತದೆ. 1936ರಲ್ಲಿ, ಕ್ಯಾನ್ಸಸ್ ಸಿಟಿಯ ರೆನೊ ಕ್ಲಬ್ಬಿನಲ್ಲಿ, ಹುಡುಗ ಪಾರ್ಕರ್ ನುಡಿಸುತ್ತ ದಾರಿ ತಪ್ಪಿದಾಗ ಡ್ರಮ್ಮರ್ ಜೋ ಜೋನ್ಸ್ ಸಿಂಬಲ್ ತೆಗೆದು ನೆಲಕ್ಕೆ ಎಸೆದಿದ್ದರು. ಪಾರ್ಕರ್ ಬದುಕಿನ ದೊಡ್ಡ ತಿರುವೇ ಒಬ್ಬ ಡ್ರಮ್ಮರ್ ಕೊಟ್ಟ ಉತ್ತರ. ಆ ಕಥೆಗೆ ಇಷ್ಟು ಬೆಲೆ ಕೊಟ್ಟ ಚಿತ್ರದಲ್ಲೇ ಅವರ ಡ್ರಮ್ಮರ್‌ಗಳ ದನಿ ಉಳಿಯಲಿಲ್ಲವಲ್ಲ ಎಂದು ಸಂಕಟವಾಗುತ್ತದೆ.

‘ರೇ’ (2004) ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನೋಡಿದವರು ಬಹಳ. ಹಾಡುವ ದನಿ ಬಹುಪಾಲು ಗಾಯಕ, ಪಿಯಾನೊ ವಾದಕ ರೇ ಚಾರ್ಲ್ಸ್‌ದೇ, ಪಿಯಾನೊ ಮೇಲಿನ ಬೆರಳು ಜೇಮೀ ಫಾಕ್ಸ್‌ದು. ಫಾಕ್ಸ್ ಚಿಕ್ಕಂದಿನಿಂದ ಪಿಯಾನೊ ಕಲಿತವರು, ಹಾಗಾಗಿ ಕ್ಯಾಮೆರಾ ಮುಖದಿಂದ ಕೈಗೆ ನಿರಾತಂಕವಾಗಿ ಇಳಿಯುತ್ತದೆ. ಕೈಯಲ್ಲಿ ಸುಳ್ಳಿಲ್ಲ, ಕಥೆಯಲ್ಲಿ ಒಂದು ಸುಳ್ಳಿದೆ. ಕರಿಯರನ್ನು ಬೇರೆ ಕೂರಿಸುವ ಕಾರ್ಯಕ್ರಮದಲ್ಲಿ ಹಾಡಲೊಲ್ಲೆ ಎಂದದ್ದಕ್ಕೆ ಜಾರ್ಜಿಯಾ ರಾಜ್ಯ ಚಾರ್ಲ್ಸ್‌ಗೆ ನಿಷೇಧ ಹಾಕಿತು, 1979ರಲ್ಲಿ ಕ್ಷಮೆ ಕೇಳಿತು ಎಂದು ಚಿತ್ರ ತೋರಿಸುತ್ತದೆ. 1961ರಲ್ಲಿ ಅಗಸ್ಟಾ ಊರಿನ ಕಾರ್ಯಕ್ರಮ ಬಿಟ್ಟದ್ದು ನಿಜ, ಅದಕ್ಕೆ ದಂಡ ತೆತ್ತದ್ದೂ ನಿಜ. ನಿಷೇಧ ಇರಲೇ ಇಲ್ಲ. 1979ರಲ್ಲಿ ಆದದ್ದು, ಅವರು ಹಾಡಿ ಜನಪ್ರಿಯಗೊಳಿಸಿದ ಹಾಡು ನಾಡಗೀತೆಯಾದದ್ದು. ದುಡ್ಡು ಕಳೆದುಕೊಂಡರೂ ಬೇಡ ಎಂದ ಆ ಧೈರ್ಯಕ್ಕೆ ಬಣ್ಣ ಹಚ್ಚುವ ಅಗತ್ಯವೇ ಇರಲಿಲ್ಲ.

ಎರವಲು ಉಸಿರಿಗೆ ನಾವೇನೂ ಹೊಸಬರಲ್ಲ. ‘ಸನಾದಿ ಅಪ್ಪಣ್ಣ’ದಲ್ಲಿ ರಾಜ್‌ಕುಮಾರ್ ತುಟಿಯಲ್ಲಿದ್ದ ಶಹನಾಯಿಗೆ ಉಸಿರು ಬಿಸ್ಮಿಲ್ಲಾ ಖಾನರದು. ಲಿಪ್ ಸಿಂಕ್ ನೋಡುವಾಗ ನಾನು ತುಟಿ ನೋಡುವುದಿಲ್ಲ, ಕತ್ತು ನೋಡುತ್ತೇನೆ. ಸಾಲು ಎತ್ತುವ ಅರೆಗಳಿಗೆ ಮೊದಲು ಗಂಟಲ ಕುಳಿ ಒಳಕ್ಕೆ ಹೋಗಬೇಕು, ಭುಜ ಕೂದಲೆಳೆಯಷ್ಟು ಏಳಬೇಕು. ತುಟಿ ಸರಿಯಿದ್ದು ಇದು ತಪ್ಪಿದರೆ ನೋಡುವವರಿಗೆ ಕಾರಣ ಹೊಳೆಯದು, ನಂಬಿಕೆ ಮಾತ್ರ ಸಡಿಲವಾಗುತ್ತದೆ.

ಈ ಪರೀಕ್ಷೆಯಲ್ಲಿ ಗೆದ್ದವರು ಚಾಡ್ವಿಕ್ ಬೋಸ್‌ಮನ್. ಫಂಕ್ ಗಾಯಕ ಜೇಮ್ಸ್ ಬ್ರೌನ್ ಕುರಿತ ‘ಗೆಟ್ ಆನ್ ಅಪ್’ (2014) ಚಿತ್ರದಲ್ಲಿ ದನಿ ಬಹುಪಾಲು ಬ್ರೌನ್‌ದು, ಕುಣಿತ ಪೂರ್ತಿ ಬೋಸ್‌ಮನ್‌ದು. ಸ್ಟುಡಿಯೋದಲ್ಲಿ ಮೈಕಿನ ಮುಂದೆ ನಿಂತು ಹಾಡಿದ ಉಸಿರಿಗೂ ಕಾಲು ಸೀಳಿ ನೆಲಕ್ಕೆ ಕೂತು ಎದ್ದ ಮೈಗೂ ಹೊಂದುವುದಿಲ್ಲ. ಬೋಸ್‌ಮನ್ ಆ ಅಂತರವನ್ನು ಪಕ್ಕೆಲುಬಿನಿಂದ ತುಂಬುತ್ತಾರೆ. ಕಿರುಚಿದಾಗ ಕತ್ತಿನ ನರ ಉಬ್ಬುತ್ತದೆ, ಮುಂದಿನ ಪದಕ್ಕೆ ಎದೆ ತಯಾರಾಗುತ್ತದೆ.

ಫಂಕ್ ಅಂದರೇನು ಎಂದು ಯಾರಾದರೂ ಕೇಳಿದರೆ ಈ ಚಿತ್ರದ ರಿಹರ್ಸಲ್ ದೃಶ್ಯ ತೋರಿಸುತ್ತೇನೆ. ಆವರೆಗೆ ಅಂಥ ಸಂಗೀತದಲ್ಲಿ ಒತ್ತು ಬೀಳುತ್ತಿದ್ದದ್ದು ಎರಡನೇ, ನಾಲ್ಕನೇ ಪೆಟ್ಟಿಗೆ. 1960ರ ದಶಕದ ನಡುವೆ ಬ್ರೌನ್ ಅದನ್ನು ಮೊದಲ ಪೆಟ್ಟಿಗೆ, ನಮ್ಮವರು ಸಮ ಎನ್ನುವ ಜಾಗಕ್ಕೆ, ತಂದರು. ದೃಶ್ಯದಲ್ಲಿ ಸ್ಯಾಕ್ಸೊಫೋನಿನವನು ಶ್ರುತಿಯ ತಕರಾರು ತೆಗೆಯುತ್ತಾನೆ. ಬ್ರೌನ್ ಒಬ್ಬೊಬ್ಬರನ್ನೇ ಕರೆದು ನಿನ್ನ ಕೈಯಲ್ಲಿರುವುದು ಯಾವ ವಾದ್ಯ ಎಂದು ಕೇಳುತ್ತಾರೆ. ಗಿಟಾರೂ ಡ್ರಮ್ಮೇ, ಊದುವ ವಾದ್ಯವೂ ಡ್ರಮ್ಮೇ ಎಂದು ಒಪ್ಪಿಸುತ್ತಾರೆ. ಎರಡು ನಿಮಿಷದಲ್ಲಿ ಒಂದು ಸಂಗೀತ ಪ್ರಕಾರ ಕಣ್ಣೆದುರು ಹುಟ್ಟುತ್ತದೆ. ಅದನ್ನು ಕೈಯಾರೆ ಬಾರಿಸಿದವರಲ್ಲಿ ಬ್ರೌನ್ ತಂಡದ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ ಒಬ್ಬರು. ಬ್ರೌನ್‌ದೇ ಹಾಡು ‘ಫಂಕಿ ಡ್ರಮ್ಮರ್’ನಲ್ಲಿ ಅವರು ಬಾರಿಸಿದ ಕೆಲವು ಸೆಕೆಂಡುಗಳ ತುಣುಕನ್ನು ಹಿಪ್‌ಹಾಪ್‌ನವರು ನೂರಾರು ಹಾಡಿಗೆ ಎತ್ತಿಕೊಂಡರು. ಹಾಡಿನ ಕರ್ತೃಗಳಲ್ಲಿ ಅವರ ಹೆಸರಿರಲಿಲ್ಲವಾದ್ದರಿಂದ ರಾಯಲ್ಟಿ ಅವರ ಪಾಲಿಗೆ ಬರಲಿಲ್ಲ. ಇವರ ಮೇಲೆ ಯಾರಾದರೂ ಸಿನಿಮಾ ಮಾಡಿದರೆ ಮೊದಲ ದಿನವೇ ಹೋಗುತ್ತೇನೆ.

ಬೋಸ್‌ಮನ್ ಕೊನೆಯ ಚಿತ್ರ ‘ಮಾ ರೇನೀಸ್ ಬ್ಲ್ಯಾಕ್ ಬಾಟಮ್’ (2020). ಆಗಸ್ಟ್ ವಿಲ್ಸನ್ ನಾಟಕದಿಂದ ಬಂದದ್ದು, ಕಟ್ಟುನಿಟ್ಟಾದ ಜೀವನಚಿತ್ರವಲ್ಲ. 1927ರ ಷಿಕಾಗೊದಲ್ಲಿ ಒಂದು ದಿನದ ರೆಕಾರ್ಡಿಂಗು, ಅಷ್ಟೇ. ಬ್ಲೂಸ್ ಗಾಯಕಿ ಮಾ ರೇನಿ ಹಾಡಿದ ಪ್ಯಾರಾಮೌಂಟ್ ಕಂಪನಿಯ ಗ್ರಾಮಫೋನ್ ತಟ್ಟೆಗಳು ಇಂದಿಗೂ ಸಿಗುತ್ತವೆ, ಆದರೆ ಗರಗರ ಸದ್ದಿನ ಹಿಂದಿನಿಂದ ಆಕೆಯ ದನಿಯನ್ನು ಹೆಕ್ಕಿ ಕೇಳಬೇಕು. ಥಿಯೇಟರಿಗೆ ಅದು ಆಗದು. ಹಾಗಾಗಿ ನಟನೆ ವಯೋಲಾ ಡೇವಿಸ್‌ದು, ಹಾಡು ಬಹುಮಟ್ಟಿಗೆ ಮ್ಯಾಕ್ಸೇನ್ ಲೂಯಿಸ್‌ದು. ಮೂರನೆಯ ಉಸಿರು ಇಲ್ಲಿ ಸಲೀಸಾಗಿ ಒಪ್ಪಿದೆ, ಏಕೆಂದರೆ ಚಿತ್ರ ಮಾತಾಡುವುದೇ ದನಿ ಯಾರ ಸೊತ್ತು ಎಂಬುದರ ಬಗ್ಗೆ. ತಣ್ಣನೆಯ ಕೋಕ ಕೋಲ ಬರುವ ತನಕ ಆಕೆ ಹಾಡುವುದಿಲ್ಲ. ಬಂದ ಮೇಲೆ ಬಿಳಿಯ ಯಜಮಾನರನ್ನು ಕಾಯಿಸಿ ಗಟಗಟ ಕುಡಿಯುವುದನ್ನು ಸದ್ದಿನ ಸಮೇತ ಕೇಳಿಸಿದ್ದಾರೆ. ಒಮ್ಮೆ ತಟ್ಟೆಗೆ ಇಳಿದರೆ ತನ್ನ ದನಿ ತನ್ನದಲ್ಲ ಎಂದು ಆಕೆಗೆ ಗೊತ್ತು.

ನನ್ನ ಮನಸ್ಸಿಗೆ ಹತ್ತಿರವಾದದ್ದು ‘ರೌಂಡ್ ಮಿಡ್‌ನೈಟ್’ (1986). ಜಾಝ್ ಕಲಾವಿದರಾದ ಬಡ್ ಪೊವೆಲ್, ಲೆಸ್ಟರ್ ಯಂಗ್ ಇಬ್ಬರ ಬದುಕಿನಿಂದ ಹೆಣೆದ ಕಲ್ಪಿತ ಪಾತ್ರ ಅದರ ನಾಯಕ. ಪಾತ್ರಧಾರಿ ಡೆಕ್ಸ್‌ಟರ್ ಗಾರ್ಡನ್ ಸ್ವತಃ ದೊಡ್ಡ ಸ್ಯಾಕ್ಸೊಫೋನ್ ವಾದಕರು, ಆಗಲೇ ಅರವತ್ತು ದಾಟಿದ್ದವರು. ನಿರ್ದೇಶಕ ಬರ್ಟ್ರಾಂಡ್ ತಾವರ್ನಿಯೆ ಪ್ಲೇಬ್ಯಾಕ್ ಬೇಡವೆಂದು ಸೆಟ್ಟಿನಲ್ಲೇ ಸಂಗೀತ ರೆಕಾರ್ಡ್ ಮಾಡಿಸಿದರು. ಪಿಯಾನೊದಲ್ಲಿ ಹರ್ಬೀ ಹ್ಯಾನ್‌ಕಾಕ್, ಬಾಸ್‌ನಲ್ಲಿ ಮುಂದೆ ‘ಬರ್ಡ್’ಗೂ ನುಡಿಸಿದ ಅದೇ ರಾನ್ ಕಾರ್ಟರ್. ಇಲ್ಲಿ ಕಾರ್ಟರ್‌ಗೆ ಉತ್ತರ ಬರುತ್ತದೆ. ಗಾರ್ಡನ್ ಸ್ವರ ಹಿಡಿಯುವ ಮುನ್ನ ಬರೀ ಗಾಳಿ ಕೇಳುತ್ತದೆ, ಮುದುಕನ ಗಾಳಿ, ಸ್ವರ ಆಮೇಲೆ ನಿಧಾನಕ್ಕೆ ಅದರೊಳಗಿಂದ ಬರುತ್ತದೆ. ಉಳಿದವರು ಅದಕ್ಕಾಗಿ ಕಾಯುತ್ತಾರೆ.

ನಿರ್ಮಾಪಕರು ಮೊನ್ನೆ ಮತ್ತೆ ಬಂದಿದ್ದರು, ‘ಬರ್ಡ್’ ನೋಡಿದ್ದರು. ನಾನು ಟೇಪ್ ಹಾಕಿ ಒಂದು ಜಾಗ ಕೇಳಿಸಿದೆ. ಸ್ವರಪ್ರಸ್ತಾರದ ನಡುವೆ ಗಾಯಕರು ಹಾಡು ನಿಲ್ಲಿಸಿ, ಮೈಕಿನಿಂದ ಮುಖ ತಿರುಗಿಸಿ "ಭೇಷ್" ಅನ್ನುತ್ತಾರೆ. ಸಾಫ್ಟ್‌ವೇರಿನಲ್ಲಿ ಪಿಟೀಲು ತೆಗೆದು ಅದೇ ಜಾಗ ಮತ್ತೆ ಕೇಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರಿಗೆ ಹೇಳಿದರು ಅಂತಲೇ ಗೊತ್ತಾಗಲ್ಲವಲ್ಲ ಸಾರ್" ಎಂದರು. ಪಿಟೀಲು ಇರಲಿ ಎಂದು ತೀರ್ಮಾನವಾಯಿತು.