ತಾಯಿಗೆ ಚೆಲ್ಲಾಟ, ನೋಡುವವರಿಗೆ ಪ್ರಾಣಸಂಕಟ

ರಾತ್ರಿ 11 ಗಂಟೆಗೆ ಫೋನಿಗೆ ಒಂದು ವಿಡಿಯೊ ಬಂತು. ತಾಯಿ ಬೆಕ್ಕು ಮರಿಯನ್ನು ಅಂಗಾತ ಕೆಡವಿಕೊಂಡಿದ್ದಾಳೆ. ಮುಂಗಾಲಲ್ಲಿ ಅವುಚಿ ಹಿಡಿದು, ಕುತ್ತಿಗೆಗೆ ಬಾಯಿ ಹಾಕಿ, ಹಿಂಗಾಲಲ್ಲಿ ದಬದಬ ಒದೆಯುತ್ತಿದ್ದಾಳೆ. ಕೆಳಗೆ ಒಂದೇ ಸಾಲು: ‘ಡಾಕ್ಟ್ರೇ, ಮರಿನ ಸಾಯಿಸ್ತಿದಾಳೆ. ಬೇರೆ ಮಾಡ್ಲಾ?’ ಮರಿಗೆ ಆಗ 7 ವಾರ.

ವಿಡಿಯೊವನ್ನು ಎರಡು ಸಲ ಹಾಕಿದೆ. ಮೊದಲ ಸಲ ನೋಡಲಿಲ್ಲ, ಬರೀ ಸದ್ದು ಕೇಳಿಸಿಕೊಂಡೆ. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಎರಡನೇ ಸಲ ಕೊನೆಯ ಕೆಲವು ಸೆಕೆಂಡು ನೋಡಿದೆ. ತಾಯಿ ಹಿಡಿತ ಬಿಟ್ಟ ತಕ್ಷಣ ಮರಿ ಎರಡು ಹೆಜ್ಜೆ ಓಡಿ, ತಿರುಗಿ ಕೂತು, ಸೊಂಟ ಅಲ್ಲಾಡಿಸಿ ಹೊಂಚು ಹಾಕಿ, ಅಮ್ಮನ ಬಾಲದ ಮೇಲೇ ಹಾರಿತು. ‘ಬೇಡ, ನೀವು ಮಲಗಿ’ ಅಂತ ಉತ್ತರ ಕಳಿಸಿದೆ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತೇವಲ್ಲ, ಇಂಥ ಹೊತ್ತಲ್ಲಿ ಇಲಿಯ ಪಾಡು ಮನೆಯವರದ್ದು. ಮರಿಗೂ ಅದು ಚೆಲ್ಲಾಟವೇ.

ನಿಜ ಹೇಳಬೇಕೆಂದರೆ ತಾಯಿ ಬೆಕ್ಕು ಮೊದಲ ದಿನದಿಂದಲೂ ನಾಜೂಕಿನವಳಲ್ಲ. ಹುಟ್ಟಿದಾಗ ಮರಿ ಸುಮಾರು 100 ಗ್ರಾಂ ಇರುತ್ತದೆ. ಕಣ್ಣು ಬಿಟ್ಟಿರುವುದಿಲ್ಲ. ತಾನಾಗಿ ಮೂತ್ರ ಮಾಡುವುದಕ್ಕೂ ಬರುವುದಿಲ್ಲ, ಮೊದಲ ಎರಡು ಮೂರು ವಾರ ತಾಯಿಯೇ ನೆಕ್ಕಿ ಮಾಡಿಸಬೇಕು. ಒಂದು ಪಂಜವನ್ನು ಮರಿಯ ಮೇಲೆ ಒತ್ತಿಟ್ಟು, ಅದು ಎಷ್ಟೇ ಒದ್ದಾಡಿದರೂ ಕೆಲಸ ಮುಗಿಯುವ ತನಕ ಬಿಡುವುದಿಲ್ಲ. ಕತ್ತಿನ ಚರ್ಮ ಕಚ್ಚಿ ಎತ್ತುವುದೂ ಹಾಗೇ. ನೋಡುವವರ ಎದೆ ಧಸಕ್ ಅನ್ನುತ್ತದೆ, ಮರಿ ಮಾತ್ರ ಕಾಲು ಮುದುಡಿಕೊಂಡು ಸುಮ್ಮನೆ ತೂಗಾಡುತ್ತಿರುತ್ತದೆ. (ಅದನ್ನು ನೋಡಿ ನೀವು ದೊಡ್ಡ ಬೆಕ್ಕನ್ನು ಹಾಗೆ ಎತ್ತಬೇಡಿ. ಮೈಭಾರವೆಲ್ಲ ಆ ಚರ್ಮದ ಮೇಲೆ ಬೀಳುತ್ತದೆ.)

ಮೂರು ನಾಲ್ಕು ವಾರಕ್ಕೆ ಹಾಲುಹಲ್ಲು ಬರುತ್ತವೆ. ಸೂಜಿಯಷ್ಟು ಚೂಪು. ಅಂಥ ನಾಲ್ಕೈದು ಬಾಯಿ ಒಟ್ಟಿಗೆ ಮೊಲೆ ಕಚ್ಚಿದರೆ ಯಾರು ತಾನೇ ಸುಮ್ಮನಿರುತ್ತಾರೆ? ತಾಯಿ ಬುಸ್ ಅನ್ನುತ್ತಾಳೆ, ತಲೆಗೊಂದು ಏಟು ಕೊಡುತ್ತಾಳೆ, ಅರ್ಧಕ್ಕೇ ಎದ್ದು ಹೋಗುತ್ತಾಳೆ. ಹಾಲು ಬಿಡಿಸುವುದು ಶುರುವಾಗುವುದು ಹೀಗೆ. 8 ವಾರದ ಹೊತ್ತಿಗೆ ಹೆಚ್ಚುಕಮ್ಮಿ ಮುಗಿಯುತ್ತದೆ. ಎಷ್ಟು ಜೋರಾಗಿ ಕಚ್ಚಿದರೆ ಜಾಸ್ತಿಯಾಯಿತು ಅನ್ನುವ ಲೆಕ್ಕವನ್ನೂ ಮರಿ ಕಲಿಯುವುದು ಈ ಜಗಳಗಳಲ್ಲೇ. ತಾಯಿಯೂ ಇಲ್ಲದೆ, ಒಡಹುಟ್ಟಿದವೂ ಇಲ್ಲದೆ ಬಾಟಲಿ ಹಾಲಲ್ಲಿ ಬೆಳೆದ ಒಂಟಿ ಮರಿಗೆ ಆ ಪಾಠ ಸಿಕ್ಕಿರುವುದಿಲ್ಲ. ಅದನ್ನು ಸಾಕಿದವರ ಮುಂಗೈ ನೋಡಿದರೆ ನನಗೆ ಗೊತ್ತಾಗಿಬಿಡುತ್ತದೆ.

ಹಾಗಾಗಿ ಗಲಾಟೆ ಕಂಡಾಗ ನಾನು ಕೇಳುವುದು ಎರಡೇ ಪ್ರಶ್ನೆ. ಸದ್ದು ಬಂತಾ? ಬಿಟ್ಟ ಮೇಲೆ ಮರಿ ವಾಪಸ್ ಹೋಯಿತಾ? ಆಟ ಬಹುಮಟ್ಟಿಗೆ ಮೌನವಾಗಿರುತ್ತದೆ, ಉಗುರು ಒಳಗಿರುತ್ತದೆ. ನಡುವೆ ಒಂದು ಕೀಚಲು ದನಿ ಬಂದರೆ ತೊಂದರೆಯಿಲ್ಲ. ಮರಿ ಕಿರುಚುತ್ತಲೇ ಇದ್ದರೆ, ಗಾಯವಾಗಿದ್ದರೆ, ತಾಯಿಯನ್ನು ಕಂಡರೆ ಮೂಲೆ ಸೇರುತ್ತಿದ್ದರೆ ಅದು ಆಟವಲ್ಲ. ಇನ್ನು, ಮೂರು ವಾರದೊಳಗಿನ ಮರಿಯನ್ನು ತಾಯಿ ದೂರ ತಳ್ಳುತ್ತಿದ್ದಾಳೆ ಅಂದರೆ ಕಾದು ನೋಡುವ ಮಾತೇ ಇಲ್ಲ.

ಒಮ್ಮೆ ಒಬ್ಬರು ಎರಡು ವಾರದ ಮರಿಯನ್ನು ಟವೆಲಲ್ಲಿ ಸುತ್ತಿಕೊಂಡು ಬಂದರು. ಮೂಗಿನ ಮೇಲೊಂದು ಗೀರು, ಅಷ್ಟೇ. ‘ತಾಯಿ ಎಲ್ಲಿ?’ ಅಂದೆ. ‘ಮನೇಲಿದಾಳೆ. ಕೆಟ್ಟ ತಾಯಿ ಸಾರ್, ಹತ್ತಿರಾನೇ ಸೇರಿಸಲ್ಲ.’ ಅವಳನ್ನೇ ತರಿಸಿ ಹೊಟ್ಟೆಯ ಕೆಳಗೆ ಕೈಯಾಡಿಸಿದೆ. ಹಿಂದಿನ ಒಂದು ಮೊಲೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಕೈಗೆ ಬಿಸಿ ತಾಗಿತು. ನನಗೂ ಬುಸ್ ಅಂದಳು. ಮೆಲ್ಲಗೆ ಒತ್ತಿದರೆ ಬಂದದ್ದು ಕೀವು ಬೆರೆತ ಹಾಲು. ಮರಿಯ ಗೀರಿಗೆ ಮದ್ದೇ ಬೇಕಿರಲಿಲ್ಲ, ಮದ್ದು ಬೇಕಿದ್ದದ್ದು ಇವಳಿಗೆ. ಆ್ಯಂಟಿಬಯೋಟಿಕ್, ನೋವಿಗೊಂದು ಔಷಧಿ. ಅಲ್ಲಿಯ ತನಕ ಮರಿಗಳಿಗೆ ಅಂತಲೇ ಬರುವ ಹಾಲಿನ ಪುಡಿ. ಹಸುವಿನ ಹಾಲು ಅವಕ್ಕೆ ಭೇದಿ ತರಿಸುತ್ತದೆ. ನೋವು ಅಂತ ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಟ್ಟೀರಿ ಮತ್ತೆ, ಬೆಕ್ಕಿಗೆ ಅದು ವಿಷ. ಬಾವು ಇಳಿದ ಮೇಲೆ ಆ ‘ಕೆಟ್ಟ ತಾಯಿ’ ತಾನೇ ಬಂದು ಮರಿಗಳ ಪಕ್ಕ ಒರಗಿದಳು.

ಇನ್ನೊಂದು ಇದಕ್ಕಿಂತ ಅವಸರದ್ದು. ಹೆತ್ತ ಮೊದಲ ಕೆಲವು ವಾರಗಳಲ್ಲಿ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯಬಹುದು. ಆಗ ತಾಯಿ ಕೂತಲ್ಲಿ ಕೂರುವುದಿಲ್ಲ, ಏದುಸಿರು ಬಿಡುತ್ತಾಳೆ, ನಡಿಗೆ ತೂರಾಡುತ್ತದೆ, ಮೈ ಅದುರುತ್ತದೆ. ಮರಿಗಳ ಮೇಲೆ ಸಿಡುಕುವುದೂ ಉಂಟು. ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಕರೆದುಕೊಂಡು ಹೊರಡಿ.

ಉಳಿದ ಕಾರಣಗಳು ಸಣ್ಣವು. ಕಿಟಕಿಯಾಚೆ ಗಂಡು ಬೆಕ್ಕು ಕಂಡ ಸಿಟ್ಟು ಪಕ್ಕದಲ್ಲಿದ್ದ ಮರಿಯ ಮೇಲೆ ತಿರುಗುತ್ತದೆ. ಮರಿಗೆ ಸೋಪು ಹಾಕಿ ತೊಳೆದರೆ ಮೈವಾಸನೆ ಬದಲಾಗಿ ತಾಯಿಗೆ ಗುರುತು ಸಿಗುವುದಿಲ್ಲ. ಹಾಲೂಡಿಸುವಾಗಲೇ ಅವಳು ಮತ್ತೆ ಬೆದೆಗೆ ಬಂದು ಬಸಿರಾಗಿರಲೂಬಹುದು. ಸುಮಾರು ಜನ ಇದನ್ನು ನಂಬುವುದೇ ಇಲ್ಲ, ಸ್ಕ್ಯಾನ್ ತೋರಿಸಬೇಕಾಗುತ್ತದೆ.

ಅನುಮಾನ ಬಂದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ತೆಗೆದುಕೊಳ್ಳಿ. ಎಳೆ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರುತ್ತಿದ್ದರೆ ಹಾಲು ಸಿಗುತ್ತಿದೆ ಅಂತಲೇ ಲೆಕ್ಕ. ಜಗಳದ ನಡುವೆ ಕೈ ತೂರಿಸಬೇಡಿ, ಒಂದು ದಿಂಬು ಅಡ್ಡ ಹಿಡಿದರೆ ಸಾಕು. ತಾಯಿಗೆ ಬೈಯುವುದೂ ಬೇಡ. ಅವಳಿಗೆ ಬೇಕಿರುವುದು ಮರಿಗಳಿಗೆ ಹತ್ತಲಾಗದ ಎತ್ತರದ ಒಂದು ಜಾಗ. ತಪ್ಪಿಸಿಕೊಂಡು ಹೋಗಲು ದಾರಿಯಿಲ್ಲದ ತಾಯಿಯೇ ಜಾಸ್ತಿ ಹೊಡೆಯುವುದು.

ಆ 11 ಗಂಟೆಯ ಮನೆಯವರಿಗೂ ಇದನ್ನೇ ಹೇಳಿದ್ದೆ. ಮಾರನೇ ದಿನ ಇನ್ನೊಂದು ವಿಡಿಯೊ ಬಂತು. ತಾಯಿ ಮೇಜಿನ ಮೇಲೆ ಕಣ್ಣು ಮುಚ್ಚಿ ಮಲಗಿದ್ದಾಳೆ. ಬಾಲ ಮಾತ್ರ ಕೆಳಕ್ಕೆ ಇಳಿಬಿಟ್ಟು, ತುದಿಯನ್ನು ಸುಮ್ನೆ ಆ ಕಡೆ ಈ ಕಡೆ ಆಡಿಸುತ್ತಿದ್ದಾಳೆ. ಕೆಳಗೆ ಮರಿ ಹಾರುತ್ತಲೇ ಇದೆ.